ದಡದ ಮೇಲೆ ನಿಂತವನು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮದೊಳಗೆ ಒಂದು ಚಿತ್ರಶಾಲೆ. ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆಂದು ಅದಕ್ಕೆ ಕಿಟಕಿಯನ್ನೇ ಇಟ್ಟಿರಲಿಲ್ಲ.

ಗೋಡೆಯ ಮೇಲಿನ ಚಿತ್ರಗಳನ್ನೆಲ್ಲ ಬರೆದವರು ಗುರು ಮುಪ್ಪಿನಯ್ಯನವರು. ಬಂದವರಿಗೆ ಕೈದೀಪ ಹಿಡಿದು ತೋರಿಸುತ್ತಿದ್ದವನು ಶಿಷ್ಯ ಸಂಕಣ್ಣ.

ಒಮ್ಮೆಗೆ ಒಬ್ಬರಿಗೇ ತೋರಿಸುವುದು ಅಲ್ಲಿನ ಪದ್ಧತಿ. ಗುಂಪಾಗಿ ಬಂದವರು ಚಿತ್ರ ನೋಡುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ ಎನ್ನುತ್ತಿದ್ದರು ಗುರುಗಳು.

ದೀಪ ಹಿಡಿಯುವವನಿಗೆ ಒಂದೇ ಕಟ್ಟಳೆ. ಕಂಡದ್ದನ್ನು ಹೇಳಬೇಕು, ಅರ್ಥ ಹೇಳಬಾರದು.

ಕೊನೆಯ ಗೋಡೆಯಲ್ಲಿ ಒಂದು ಚಿತ್ರವಿತ್ತು. ತುಂಬಿ ಹರಿಯುವ ಹೊಳೆ. ಕತ್ತಿನವರೆಗೆ ಮುಳುಗಿದ ಹೆಂಗಸೊಬ್ಬಳು ಎರಡೂ ಕೈಯಲ್ಲಿ ಕೂಸನ್ನೆತ್ತಿ ದಡದ ಕಡೆಗೆ ಚಾಚಿದ್ದಾಳೆ. ದಡದ ಮೇಲೆ ಒಬ್ಬ ಮನುಷ್ಯ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾನೆ.

ಅವನಿಗೆ ಮುಖವಿರಲಿಲ್ಲ. ಮುಖ ಇರಬೇಕಾದ ಕಡೆ ಗುರುಗಳು ಬರೀ ಸುಣ್ಣದ ಬಿಳಿ ಬಿಟ್ಟಿದ್ದರು.

ಅದನ್ನು ನೋಡಿ ಹೊರಬಂದವರು ನೇರ ಊಟಕ್ಕೆ ಹೋಗುತ್ತಿರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದರು. ಅಡುಗೆಯ ನೀಲವ್ವನಿಗೆ ಇದೇ ಒಂದು ಗೋಳು.

"ಬಿಸಿ ಅನ್ನ ಮಾಡಿಟ್ಟು ನಾನು ಬಾಗಿಲು ಕಾಯ್ತೀನಿ, ಇವರು ನೀರು ನೋಡ್ತಾ ಕೂತಿರ್ತಾರೆ. ಅನ್ನ ಆರಿ ಕಲ್ಲಾಗ್ತದೆ. ಒಳಗೆ ಅದೇನು ತೋರಿಸ್ತೀಯೋ ಮಾರಾಯ!" ಎಂದು ಸಂಕಣ್ಣನ ಮೇಲೆ ಹರಿಹಾಯುತ್ತಿದ್ದಳು.

ಇತ್ತೀಚೆಗೆ ಆ ಗೋಳು ನಿಂತಿತ್ತು. ಬಂದವರು ಸಂಕಣ್ಣನೊಡನೆ ಮಾತಾಡುತ್ತ ಹೊರಬಂದು, ಕೈಕಾಲು ತೊಳೆದು, ಸೀದಾ ಎಲೆಯ ಮುಂದೆ ಕೂರುತ್ತಿದ್ದರು. ಇನ್ನೊಂದು ಸುತ್ತು ಸಾರನ್ನೂ ಹಾಕಿಸಿಕೊಳ್ಳುತ್ತಿದ್ದರು. ನೀಲವ್ವ ಖುಷಿಯಾಗಿದ್ದಳು. ಯಾಕೆ ಹೀಗೆ ಎಂದು ಅವಳು ಕೇಳಲಿಲ್ಲ.

ಆಗಿದ್ದು ಇಷ್ಟು. ಮುಖವಿಲ್ಲದ ಆ ಮನುಷ್ಯನಿಗೆ ಸಂಕಣ್ಣ ಕದ್ದು ಮುಖ ಬರೆದುಬಿಟ್ಟಿದ್ದ.

ಬರೆದದ್ದು ಮುಳ್ಳುಕೋಟೆಯ ಪಾಳೆಯಗಾರ ಕಾಟಪ್ಪನಾಯಕನ ಮುಖವನ್ನು. ಎಡಗೆನ್ನೆಯ ಗಾಯದ ಗೆರೆ, ಕೂಡಿಕೊಂಡ ಹುಬ್ಬು, ಕಿವಿಯ ಒಂಟಿ, ಒಂದನ್ನೂ ಬಿಟ್ಟಿರಲಿಲ್ಲ. ಕುರುಡನೂ ಗುರುತು ಹಿಡಿಯಬೇಕು, ಹಾಗೆ!

ಅವನ ಹೊಟ್ಟೆಯೊಳಗಿನ ಬೆಂಕಿ ಅಂಥದು. ಅವನು ಹುಡುಗನಾಗಿದ್ದಾಗ ಒಂದು ಮುಂಜಾನೆ ಹೊಳೆ ಉಕ್ಕಿ, ಊರಿಗೆ ಊರೇ ಕೋಟೆಯ ಕಡೆಗೆ ಓಡಿತ್ತು. ನಾಯಕ ಬಾಗಿಲು ಹಾಕಿಸಿದ. ಅಕ್ಕನನ್ನು ಬಿಟ್ಟು ಮುಂದೆ ಓಡಿದ್ದ ಸಂಕಣ್ಣ ಒಳಗೆ ಸೇರಿದ್ದ. ಅಕ್ಕ ಹೊರಗೆ ಉಳಿದಳು. ನೀರು ಇಳಿದ ಮೇಲೆ ಅವಳ ಹೆಣವೂ ಸಿಗಲಿಲ್ಲ.

ಬಾಯಿಂದ ಬಾಯಿಗೆ ಸುದ್ದಿ ಹೋಗದೆ ಇರುತ್ತದೆಯೇ? ಒಂದು ದಿನ ಕೋಟೆಯ ಸವಾರ ಬಂದು ಅಂಗಳದಲ್ಲಿ ನಿಂತ.

"ನಾಳೆ ನಾಯಕರು ಚಿತ್ರ ನೋಡಲು ಬರುತ್ತಾರೆ. ಎಲ್ಲವನ್ನೂ ತೋರಿಸಬೇಕು. ಒಂದನ್ನೂ ಮುಚ್ಚಿಡಕೂಡದು."

ಸಂಕಣ್ಣನಿಗೆ ತನ್ನ ಚಿಂತೆ ಅಷ್ಟಿರಲಿಲ್ಲ. ಚಿತ್ರಶಾಲೆ ಯಾರದು, ಗುರುಗಳದು. ಹಿಂದೆ ನಾಯಕನ ಮೇಲೆ ಲಾವಣಿ ಕಟ್ಟಿದವನ ನಾಲಗೆ ಏನಾಯಿತು ಎಂಬುದನ್ನು ಸುತ್ತಲ ಊರೆಲ್ಲ ಬಲ್ಲದು. ಚಿತ್ರ ಬರೆದವರ ಕೈಯನ್ನು ಅವನು ಬಿಟ್ಟಾನೆಯೇ?

ಅವನು ಚಿತ್ರಶಾಲೆಗೆ ಓಡಿದ. ಎಂದೂ ಬೀಗ ಕಾಣದ ಬಾಗಿಲಿಗೆ ಬೀಗ ಬಿದ್ದಿತ್ತು. ಬೀಗದ ಕೈ ಗುರುಗಳ ಸೊಂಟದಲ್ಲಿತ್ತು.

"ಗುರುಗಳೇ, ಬೀಗದ ಕೈ ಕೊಡಿ. ದೀಪ ತೊಳೆದಿಡಬೇಕು."

"ನಾನು ತೊಳೆದಿಟ್ಟಿದ್ದೇನೆ."

"ನೆಲ ಗುಡಿಸಬೇಕಿತ್ತು."

"ಅದೂ ಆಯಿತು."

"ಗೋಡೆಗೆ ಜೇಡ ಕಟ್ಟಿರಬಹುದು, ಗುರುಗಳೇ."

ಮುಪ್ಪಿನಯ್ಯನವರು ಅವನ ಮುಖವನ್ನೊಮ್ಮೆ ನೋಡಿದರು. "ಗೋಡೆಗೆ ಏನೇನು ಕಟ್ಟಿದೆಯೋ ನಾಳೆ ನೋಡೋಣ" ಎಂದು ಎದ್ದುಹೋದರು.

ಇವರಿಗೆ ಗೊತ್ತೋ, ಗೊತ್ತಿಲ್ಲವೋ?

ಮರುದಿನ ನಾಯಕ ಬಂದ. ಆಳುಗಳನ್ನು ಅಂಗಳದಲ್ಲೇ ನಿಲ್ಲಿಸಿದ. ಸೊಂಟದ ಕತ್ತಿಯನ್ನು ಮಾತ್ರ ಬಿಚ್ಚಲಿಲ್ಲ.

"ಒಬ್ಬನೇ ನೋಡಬೇಕಂತೆ. ನೋಡ್ತೀನಿ. ಸ್ವಾಮಿಗಳೂ ಜೊತೆಗಿರಲಿ."

ಸಂಕಣ್ಣ ದೀಪ ಹಿಡಿದು ಮುಂದಾದ. ಅವನ ಹಿಂದೆ ನಾಯಕ. ಒಂದು ಕೈಯಲ್ಲಿ ನೀರಿನ ತಂಬಿಗೆ ಹಿಡಿದು, ಎಲ್ಲರಿಗಿಂತ ಹಿಂದೆ ಗುರುಗಳು.

ಮೊದಲ ಚಿತ್ರಕ್ಕೆ ಬೆಳಕು ಬಿತ್ತು.

"ಹೇರು ತುಂಬಿದ ಗಾಡಿ. ಎತ್ತು ಮಲಗಿಬಿಟ್ಟಿದೆ. ಗಾಡಿಯವನು ಬಾಲ ತಿರುಚುತ್ತಿದ್ದಾನೆ."

ನಾಯಕ ಬಗ್ಗಿ ನೋಡಿದ. "ಎತ್ತಿನ ಕಣ್ಣಲ್ಲಿ ನೀರಿದೆ. ಅದನ್ನು ನೀನು ಹೇಳಲಿಲ್ಲ."

ಇವನ ಕಣ್ಣಿಗೆ ಏನೂ ತಪ್ಪುವುದಿಲ್ಲ.

"ಮುಂದೆ ನಡಿ."

ಎರಡನೆಯದು ಒಂದು ಮದುವೆಯ ಪಂಕ್ತಿ. ನಾಯಕ ದೀಪಕ್ಕೂ ಕಾಯಲಿಲ್ಲ, ಮೂಲೆಗೆ ಬೆರಳು ತೋರಿಸಿದ. "ಆ ಮುದುಕಿಯ ಎಲೆ ಖಾಲಿ ಇದೆ. ಯಾರೂ ಬಡಿಸಿಲ್ಲ."

"ಹೌದು ದೊರೆ."

"ಮುಂದೆ."

ಹೆದರಿಕೆ ಹತ್ತಿದರೆ ಬಾಯಿ ಸುಮ್ಮನಿರುತ್ತದೆಯೇ? ಸಂಕಣ್ಣ ಕಟ್ಟಳೆಯನ್ನೆಲ್ಲ ಮರೆತು ಅರ್ಥ ಹೇಳತೊಡಗಿದ. ಈ ಹಸಿರನ್ನು ಯಾವ ಸೊಪ್ಪಿನಿಂದ ಅರೆದದ್ದು, ಈ ಗಿಣಿ ಯಾವುದರ ಗುರುತು, ಈ ಬಾವಿಯ ಆಳ ಯಾತರ ಆಳ, ಒಂದೇ ಸಮನೆ ಬಡಬಡಿಸಿದ. ಒಂದೊಂದು ಚಿತ್ರದ ಮುಂದೆಯೂ ಹೊತ್ತು ಕಳೆದ. ಅಷ್ಟರಲ್ಲಿ ಹೊರಗೆ ಏನಾದರೂ ಆಗಬಾರದೇ, ಯಾರಾದರೂ ಕರೆಯಬಾರದೇ ಎಂದು ಒಳಗೊಳಗೇ ಬೇಡಿಕೊಂಡ.

ಯಾರೂ ಕರೆಯಲಿಲ್ಲ.

"ಸಾಕು ಮಾಡಯ್ಯ" ಎಂದ ನಾಯಕ. "ನಾನು ಬಂದದ್ದು ಕೊನೆಯ ಚಿತ್ರಕ್ಕೆ."

ಸಂಕಣ್ಣ ಕೊನೆಯ ಗೋಡೆಯ ಕಡೆಗೆ ತಿರುಗಿದ. ತಿರುಗುವಾಗ ಬೇಕೆಂದೇ ದೀಪವನ್ನು ಓರೆ ಮಾಡಿದ. ಎಣ್ಣೆ ಚೆಲ್ಲಿ ದೀಪ ಚಿಟಿಚಿಟಿ ಎಂದು ಸಣ್ಣಗಾಯಿತು.

"ಅಯ್ಯೋ, ಎಣ್ಣೆ ಮುಗಿಯಿತು ದೊರೆ. ಇನ್ನೊಂದು ದಿನ..."

"ನಾನು ತಂದಿದ್ದೇನೆ" ಎಂದರು ಮುಪ್ಪಿನಯ್ಯನವರು. ಮಡಿಲಿನಿಂದ ಗಿಂಡಿ ತೆಗೆದು ದೀಪಕ್ಕೆ ಎಣ್ಣೆ ಹೊಯ್ದರು. ಉರಿ ಎದ್ದು ನಿಂತಿತು.

ಸಂಕಣ್ಣನಿಗೆ ಬೇರೆ ದಾರಿ ಉಳಿಯಲಿಲ್ಲ. ದೀಪ ಎತ್ತಿದ. ಗೋಡೆಗೂ ದೀಪಕ್ಕೂ ನಡುವೆ ತಾನೇ ನಿಂತುಕೊಂಡ. ಅವನ ನೆರಳು ದಡದ ಮನುಷ್ಯನನ್ನು ಪೂರ್ತಿ ಮುಚ್ಚಿತು.

"ತುಂಬಿದ ಹೊಳೆ" ಎಂದ. "ಒಬ್ಬ ಹೆಂಗಸು. ಅವಳ ಕೈಯಲ್ಲಿ ಕೂಸು."

"ಆಮೇಲೆ?"

"ಅಷ್ಟೇ ದೊರೆ."

"ಪಕ್ಕಕ್ಕೆ ಸರಿ."

ಸಂಕಣ್ಣ ಸರಿಯಲಿಲ್ಲ. ನಾಯಕ ಅವನ ಭುಜ ಹಿಡಿದು ಪಕ್ಕಕ್ಕೆ ನೂಕಿದ.

ಗೋಡೆಯಿಂದ ಕಾಟಪ್ಪನಾಯಕ ಕಾಟಪ್ಪನಾಯಕನನ್ನು ನೋಡಿದ.

ನಾಯಕನ ಬೆರಳು ತಾನಾಗಿಯೇ ಎಡಗೆನ್ನೆಯ ಗಾಯವನ್ನು ಮುಟ್ಟಿ ನೋಡಿಕೊಂಡಿತು. ಆಮೇಲೆ ಕತ್ತಿಯ ಹಿಡಿಗೆ ಹೋಯಿತು.

"ಯಾರು ಬರೆದದ್ದು?"

"ಚಿತ್ರಶಾಲೆ ನನ್ನದು" ಎಂದರು ಗುರುಗಳು. "ಇಲ್ಲಿ ಯಾರ ಕುಂಚ ಆಡಿದರೂ ನನ್ನದೇ." ಬಲಗೈಯನ್ನು ಮುಂದೆ ಚಾಚಿದರು.

"ಇಲ್ಲ!" ಸಂಕಣ್ಣ ಕೂಗಿದ. "ಅವರಲ್ಲ. ಬರೆದವನು ನಾನು. ಅವತ್ತು ಬಾಗಿಲು ಹಾಕಿಸಿದೆಯಲ್ಲ, ನನ್ನ ಅಕ್ಕ ಹೊರಗಿದ್ದಳು. ಬಾಗಿಲು ಬಡಿಯುತ್ತಿದ್ದಳು, ನನಗೆ ಕೇಳುತ್ತಿತ್ತು. ಈ ಕೈಯೇ ಬರೆದದ್ದು. ತಗೋ!"

ನಾಯಕನ ದವಡೆ ಬಿಗಿಯಿತು. "ವೈರಿಗಳು ಬರುತ್ತಿದ್ದಾರೆ ಎಂದು ಸುದ್ದಿಯಿತ್ತು."

"ಯಾವ ವೈರಿ ಬಂದ?"

ನಾಯಕ ಕತ್ತಿ ಎಳೆದ. "ಕೈಯನ್ನು ಹೊಸ್ತಿಲ ಮೇಲಿಡು."

ಸಂಕಣ್ಣ ದೀಪವನ್ನು ಗೋಡೆಯ ಬುಡದಲ್ಲಿಟ್ಟು, ಹೋಗಿ ಹೊಸ್ತಿಲ ಮುಂದೆ ಮೊಣಕಾಲೂರಿದ. ಕೈಯಿಟ್ಟ. ಹಿಂದಕ್ಕೆ ತೆಗೆಯಲಿಲ್ಲ.

"ಒಂದು ಮಾತು ನಾಯಕರೇ" ಎಂದರು ಮುಪ್ಪಿನಯ್ಯನವರು. "ಕೈಯ ವಿಚಾರ ನಿಮ್ಮದು. ಚಿತ್ರ ನನ್ನದು. ಅದು ಕೆಟ್ಟಿದೆ. ಮೊದಲು ಅದನ್ನು ಸರಿಮಾಡಿಕೊಳ್ಳುತ್ತೇನೆ."

ಹೆಗಲ ವಸ್ತ್ರದ ತುದಿಯನ್ನು ತಂಬಿಗೆಯ ನೀರಿಗೆ ಅದ್ದಿದರು. ಗೋಡೆಯ ಹತ್ತಿರ ಹೋಗಿ ನಾಯಕನ ಮುಖವನ್ನು ಒರೆಸಿದರು.

ಸಂಕಣ್ಣ ಬಳಿದದ್ದು ಒಣಗೋಡೆಯ ಮೇಲಿನ ಅಂಟಿನ ಬಣ್ಣ. ನೀರು ತಾಕಿದ್ದೇ ಕರಗಿತು. ಗಾಯ ಹೋಯಿತು, ಹುಬ್ಬು ಹೋಯಿತು, ಒಂಟಿ ಹೋಯಿತು. ಕೆಳಗಿನ ಸುಣ್ಣ ಬೆಳ್ಳಗೆ ಎದ್ದುಬಂತು.

ನಾಯಕ ಜೋರಾಗಿ ನಕ್ಕ. "ಸ್ವಾಮಿಗಳಿಗೂ ಹೆದರಿಕೆ ಇದೆ ಅನ್ನಿ!"

ಗುರುಗಳು ಗೋಡೆಯ ಬುಡದ ದೀಪ ಎತ್ತಿಕೊಂಡರು. ಅದನ್ನು ನಾಯಕನ ಎಡಗೈಗೆ ಕೊಟ್ಟರು.

"ಈಗ ನೋಡಿ" ಎಂದರು. "ನಾನು ಬರೆದದ್ದು ಇಷ್ಟೇ."

"ಮುಖ ಎಲ್ಲಿ?"

"ನಾನು ಬರೆದಿಲ್ಲ."

"ಮತ್ತೆ ಇವನು ಯಾರು?"

"ನೋಡಿದವರು ಹೇಳಬೇಕು."

ಅಷ್ಟು ಹೇಳಿ, ಸಂಕಣ್ಣನ ರಟ್ಟೆ ಹಿಡಿದು ಎಬ್ಬಿಸಿ, ಹೊರಗೆ ನಡೆದರು. ಬಾಗಿಲು ಎಳೆದುಕೊಂಡರು.

ಜಗಲಿಯ ಮೇಲೆ ಇಬ್ಬರೂ ಕೂತರು. ಅಂಗಳದಲ್ಲಿ ಆಳುಗಳು ಮುಖ ಮುಖ ನೋಡಿಕೊಂಡರು. ಒಳಗೆ ಕತ್ತಿ ಇದೆ, ದೀಪ ಇದೆ, ಎಣ್ಣೆ ಇದೆ. ಗುರುಗಳು ಇಡೀ ಆಯುಷ್ಯ ಕೂತು ಬರೆದ ಗೋಡೆಗಳಿವೆ. ಸಂಕಣ್ಣ ಬಾಗಿಲ ಸಂದಿಯಲ್ಲಿ ಹೊಗೆ ಬರುತ್ತದೆಯೇ ಎಂದು ನೋಡುತ್ತಲೇ ಇದ್ದ.

ಕಡೆಗೆ ಅವನಿಗೆ ತಡೆಯಲಾಗಲಿಲ್ಲ.

"ಯಾಕೆ ಒರೆಸಿದಿರಿ? ನಾನು ಬರೆದದ್ದು ಸುಳ್ಳೇ?"

"ಸುಳ್ಳಲ್ಲ."

"ಮತ್ತೆ? ನನ್ನ ಕೈ ಉಳಿಸಲಿಕ್ಕೆ ಒರೆಸಿದಿರಾ? ಹೋದರೆ ಹೋಗುತ್ತಿತ್ತು! ಅವನ ಮುಖ ಅಲ್ಲೇ ಇರುತ್ತಿತ್ತು!" ಸಂಕಣ್ಣನಿಗೆ ಅಳು ಒತ್ತಿಬಂತು. "ಅವನನ್ನು ಸುಮ್ಮನೆ ಬಿಟ್ಟುಬಿಟ್ಟಿರಿ ಗುರುಗಳೇ."

ಮುಪ್ಪಿನಯ್ಯನವರು ವಸ್ತ್ರದ ತುದಿಯನ್ನು ಹಿಂಡಿದರು. ಬಣ್ಣದ ನೀರು ಕಲ್ಲಿನ ಮೇಲೆ ತೊಟ್ಟಿಕ್ಕಿತು.

"ಆ ಮುಖ ಬರೆದ ರಾತ್ರಿ ನಿನಗೆ ನಿದ್ದೆ ಬಂತೇ?"

"ಬಂತು" ಎಂದ ಸಂಕಣ್ಣ. "ಅಕ್ಕ ಹೋದಮೇಲೆ ಅವತ್ತೇ ಮೊದಲು, ಒಳ್ಳೆಯ ನಿದ್ದೆ."

"ಹೂಂ" ಎಂದರು ಗುರುಗಳು.

ಸಂಕಣ್ಣ ತಲೆ ತಗ್ಗಿಸಿದ. ಅಂದು ಅಕ್ಕನನ್ನು ಬಿಟ್ಟು ಮುಂದೆ ಓಡಿದ ತನ್ನ ಕಾಲುಗಳನ್ನು ನೋಡಿಕೊಂಡ.

ಬಿಸಿಲು ನೆತ್ತಿಗೆ ಬಂತು. ಬಾಗಿಲು ತೆರೆಯಿತು.

ನಾಯಕ ಹೊರಬಂದ. ಕತ್ತಿ ಒರೆಯಲ್ಲಿತ್ತು. ಕೈಯಲ್ಲಿ ದೀಪ ಇನ್ನೂ ಉರಿಯುತ್ತಿತ್ತು. ನಡುಹಗಲಿನ ಬಿಸಿಲಲ್ಲಿ ಅದು ಉರಿಯುತ್ತಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಆಳುಗಳು ದಡಬಡಿಸಿ ಎದ್ದರು. ಅವರ ಕಡೆಗೆ ನೋಡಲಿಲ್ಲ. ಸಂಕಣ್ಣನ ಕೈಯನ್ನೂ ಕೇಳಲಿಲ್ಲ.

"ಆ ಹೆಂಗಸು" ಎಂದ ಗುರುಗಳ ಮುಂದೆ ನಿಂತು. ಮಾತು ಮುಂದೆ ಹೋಗಲಿಲ್ಲ.

ದೀಪವನ್ನು ಜಗಲಿಯ ಮೇಲಿಟ್ಟ. ಹೊಳೆಯ ಕಡೆಗೆ ನಡೆದ. ಮೆಟ್ಟಿಲಿಳಿದು, ನೀರು ಮುಟ್ಟುವ ಕೊನೆಯ ಮೆಟ್ಟಿಲಲ್ಲಿ ಕೂತ.

ಸಂಕಣ್ಣ ಅವನ ಬೆನ್ನನ್ನೇ ನೋಡುತ್ತಿದ್ದ. ಆಮೇಲೆ ದೀಪವನ್ನು ನೋಡಿದ.

"ಗುರುಗಳೇ, ನಾನು ಒಮ್ಮೆ ಒಳಗೆ ಹೋಗಿ ಬರಲೇ?"

"ದೀಪ ನೀನೇ ಹಿಡಿಯಬೇಕು. ತೋರಿಸುವವರು ಯಾರೂ ಇಲ್ಲ."

ಸಂಕಣ್ಣ ಒಬ್ಬನೇ ಒಳಗೆ ಹೋದ. ಎಷ್ಟೋ ಜನಕ್ಕೆ ದೀಪ ಹಿಡಿದಿದ್ದವನು, ತಾನು ನೋಡಲೆಂದು ಹಿಡಿದದ್ದು ಅದೇ ಮೊದಲು. ಹೊರಬಂದಾಗ ಅವನ ಮುಖ ಸುಣ್ಣದ ಹಾಗಿತ್ತು. ದೀಪವನ್ನು ಜಗಲಿಯ ಮೇಲಿಟ್ಟು ಅವನೂ ಮೆಟ್ಟಿಲಿಳಿದ. ನಾಯಕ ಕೂತಿದ್ದ ಮೆಟ್ಟಿಲಿನ ಇನ್ನೊಂದು ತುದಿಯಲ್ಲಿ ಕೂತ.

ಒಬ್ಬರನ್ನೊಬ್ಬರು ನೋಡಲಿಲ್ಲ. ಇಬ್ಬರ ಮುಂದೆಯೂ ಹೊಳೆ ಹರಿಯುತ್ತಿತ್ತು.

ಅಡುಗೆಮನೆಯಿಂದ ನೀಲವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಮೆಟ್ಟಿಲ ಕಡೆಗೆ ನೋಡಿ ಹಣೆ ಚಚ್ಚಿಕೊಂಡಳು.

"ನೋಡಿ ಅಯ್ಯನೋರೇ, ಮತ್ತೆ ಶುರುವಾಯ್ತು! ನಾಯಕರಿಗೆ ಅಂತ ಹೊಸ ಅಕ್ಕಿ ಇಟ್ಟಿದ್ದೆ, ಹೊಗೆಯಾಡ್ತಾ ಇದೆ. ಹೋಗಿ ಕರೀಲಾ? ಅನ್ನ ಆರಿ ಹೋಗ್ತದೆ."

ಮುಪ್ಪಿನಯ್ಯನವರು ಜಗಲಿಯ ಮೇಲಿನ ದೀಪವನ್ನು ಆರಿಸಿದರು.

"ಆರಲಿ ಬಿಡು ನೀಲವ್ವ" ಎಂದರು. "ಇವತ್ತು ಆರಲಿ."