ಕೊನೆಯವನ ಕೂಗು

"ಗುರುಗಳೇ, ಒಬ್ಬ ಸುಳ್ಳು ಹೇಳುತ್ತಾನೆ. ಇನ್ನೊಬ್ಬ ಅದನ್ನು ನಂಬಿ ನಡೆಯುತ್ತಾನೆ. ಅದರಿಂದ ಮೂರನೆಯವನ ಪ್ರಾಣ ಹೋಗುತ್ತದೆ. ಪಾಪ ಯಾರಿಗೆ?" ಎಂದು ಶಿಷ್ಯ ಸುಬ್ರಾಯ ಕೇಳಿದ. ಕೇಳುವಾಗಲೇ ಉತ್ತರ ಅವನ ಮುಖದಲ್ಲಿ ಸಿದ್ಧವಾಗಿತ್ತು.

ಗುರುಗಳು ಹೇಳಿದರು:

ಕಡಲ ತೀರದ ಊರೊಂದರಲ್ಲಿ ಒಬ್ಬ ಮಾರ್ಗದರ್ಶಿ ಇದ್ದ. ಬೆಳಿಗ್ಗೆ ಒಂದು ದಡದಿಂದ ಹೊರಟು, ಗುಡ್ಡದ ಬುಡದ ಬಂಡೆಗಳ ಮೇಲೆ ನಡೆದು, ಸಂಜೆಯೊಳಗೆ ಇನ್ನೊಂದು ದಡ ಸೇರುವುದು ಪೇಟೆಯ ಜನಕ್ಕೆ ಒಂದು ಹುಚ್ಚು. ಅವರನ್ನು ನಡೆಸಿಕೊಂಡು ಹೋಗುವುದೇ ಇವನ ಕಸುಬು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಡಲು, ನಡುವೆ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಜಾಗ. ನೀರು ಇಳಿದಾಗ ಅದು ದಾರಿ, ಏರಿದಾಗ ಅದೂ ಕಡಲೇ.

ಅವನದೊಂದು ಕಟ್ಟುನಿಟ್ಟು. ತಿರುವು ಬಂದಾಗಲೆಲ್ಲ ಮುಂದಿನಿಂದ ಅವನು 'ಹೋಯ್' ಎಂದು ಕೂಗುವನು. ಸಾಲಿನ ಕಟ್ಟಕಡೆಯವನು ಮಾತ್ರ 'ಓ' ಎನ್ನಬೇಕು. ಕೊನೆಯವನು ಇದ್ದಾನೆಂದರೆ ನಡುವಿನವರೆಲ್ಲ ಇದ್ದಾರೆ ಎಂದೇ ಲೆಕ್ಕ. ಓ ಬಾರದಿದ್ದರೆ ಎಲ್ಲರೂ ಮರಳಬೇಕು, ಆ ದಿನದ ನಡಿಗೆ ಅಲ್ಲಿಗೇ ಮುಗಿಯಿತು. ಆದರೆ ಅವನ ಕೈಯಲ್ಲಿ ಯಾವ ಗುಂಪೂ ಅರ್ಧ ದಾರಿಯಿಂದ ಮರಳಿದ್ದಿಲ್ಲ. ಅದನ್ನು ಹೇಳಿಕೊಳ್ಳುವಾಗ ಅವನ ಎದೆ ಒಂದು ಗೇಣು ಉಬ್ಬುತ್ತಿತ್ತು.

ಒಂದು ದಿನ ಸಾಲಿನ ಕೊನೆಯಲ್ಲಿ ಒಬ್ಬ ವ್ಯಾಪಾರಿ ಇದ್ದ, ದಪ್ಪ ಆಳು, ದಪ್ಪ ದನಿ. ಅವನ ಮುಂದೆ ಅವನ ಬಾಲ್ಯದ ಗೆಳೆಯ, ಶಾಲೆಯ ಮೇಷ್ಟ್ರು. ಅವರದು ಕೀರಲು ದನಿ. ಮೊದಲ ತಿರುವಿನಲ್ಲಿ ವ್ಯಾಪಾರಿ ಓ ಎಂದಾಗ ಸಾಲಿನವರೆಲ್ಲ ನಕ್ಕಿದ್ದರು, ಹಾಗಿತ್ತು ಆ ಗಂಟಲು. ಬಿಸಿಲೇರಿದ ಮೇಲೆ ಅವನ ಮಾತು ನಿಂತಿತು, ಏದುಸಿರು ಹತ್ತಿತು. ಅವನು ಒಂದು ಬಂಡೆಯ ಮೇಲೆ ಕುಳಿತುಬಿಟ್ಟ.

"ಮಾರಾಯ, ನನ್ನ ಕಾಲು ಏಳ್ತಾ ಇಲ್ಲ. ಸ್ವಲ್ಪ ಕೂತು ಬರ್ತೇನೆ. ಆ ಮಾರ್ಗದರ್ಶಿಗೆ ಗೊತ್ತಾದ್ರೆ ನನ್ನಿಂದಾಗಿ ಎಲ್ಲರೂ ವಾಪಸ್ ಹೋಗ್ಬೇಕು. ನನ್ನ ಮರ್ಯಾದೆ ಹೋಗ್ತದೆ."

"ಕೂತ್ಕೊ. ಓ ಅಂತ ನಾನು ಹೇಳ್ತೇನೆ. ನೀನು ನಿಧಾನ ಬಾ" ಎಂದರು ಮೇಷ್ಟ್ರು.

ಮುಂದಿನ ತಿರುವಿನಲ್ಲಿ ಮಾರ್ಗದರ್ಶಿ ಕೂಗಿದ. ಓ ಎಂದು ಬಂತು. ಅವನ ಕಾಲು ತಡೆಯಿತು. ದನಿ ಕೀರಲಾಗಿತ್ತು. ಕಡಲ ಗಾಳಿಗೆ ಹಾಗೆ ಕೇಳಿಸಿರಬೇಕು ಎಂದುಕೊಂಡ. ಬಂಡೆಗಳ ಬುಡ ಆಗಲೇ ಒದ್ದೆಯಾಗಿತ್ತು. ಈಗ ಮರಳಿದರೆ ನಡಿಗೆಯೂ ಕೆಟ್ಟಿತು, ಹೆಸರೂ ಕೆಟ್ಟಿತು. ಓ ಎಂದು ಬಂದಿದೆಯಲ್ಲ, ಇನ್ನೇನು ಬೇಕು? ಹೆಜ್ಜೆ ಮುಂದಿಟ್ಟ.

ಅದರ ಮುಂದಿನ ತಿರುವಿನಲ್ಲಿ ಮತ್ತೆ ಕೂಗಿದ. ಮೇಷ್ಟ್ರು ಹಿಂತಿರುಗಿ ನೋಡಿದರು. ಯಾರೂ ಕಾಣಲಿಲ್ಲ. ಒಮ್ಮೆ ಹೇಳಿದ ಸುಳ್ಳನ್ನು ಇಷ್ಟು ಜನರ ಮುಂದೆ ಒಪ್ಪಿಕೊಳ್ಳುವುದು ಹೇಗೆ? ಇನ್ನೇನು ಬಂದೇಬಿಡುತ್ತಾನೆ ಎಂದುಕೊಂಡು ಮತ್ತೆ ಓ ಎಂದರು. ಈ ಸಲ ಮಾರ್ಗದರ್ಶಿ ನಿಲ್ಲಲೂ ಇಲ್ಲ. ಜನರನ್ನು ಬೇಗ ಬೇಗ ನಡೆಸಿದ.

ದಡ ಬಂತು. ಮುಂದಿದ್ದವರು ಮರಳಿನ ಮೇಲೆ ಉರುಳಿಕೊಂಡರು. ಮಾರ್ಗದರ್ಶಿ ಹೆಗಲ ಚೀಲ ಬಿಸಾಡಿ, ಇನ್ನೂ ಬರುತ್ತಿದ್ದವರನ್ನು ದಾಟಿಕೊಂಡು, ಬಂದ ದಾರಿಯಲ್ಲೇ ಓಡಿದ. ದಾರಿ ಉಳಿದಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು ಗಂಟಲು ಹರಿಯುವ ಹಾಗೆ ಹೋಯ್ ಎಂದು ಕೂಗಿದ. ಅಲೆ ಅವನನ್ನು ಬಂಡೆಗೆ ಅಪ್ಪಳಿಸಿತು. ಓ ಎನ್ನುವವರು ಯಾರೂ ಇರಲಿಲ್ಲ. ಮರುದಿನ ನೀರು ಇಳಿದಾಗ ವ್ಯಾಪಾರಿ ಎರಡು ಬಂಡೆಗಳ ಸಂದಿಯಲ್ಲಿ ಸಿಕ್ಕ.

ಮೇಷ್ಟ್ರು ತಲೆ ತಲೆ ಚಚ್ಚಿಕೊಂಡು, ನಾನೇ ಕೊಂದೆ, ನಾನೇ ಕೊಂದೆ ಎಂದು ಅತ್ತರು. ಸತ್ತವನ ಹೆಂಡತಿ ಮಾರ್ಗದರ್ಶಿಯ ಮುಖ ನೋಡಿದಳು. "ಓ ಅಂದದ್ದು ಕೇಳಿ ಮುಂದೆ ಹೋದೆ ತಾಯಿ. ನಂದೇನು ತಪ್ಪು?" ಎಂದ ಅವನು. ಹೌದಲ್ಲ ಎಂದಿತು ಊರು. ಮೇಷ್ಟ್ರು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮಳೆಗಾಲ ಕಳೆದ ಮೇಲೆ ಮಾರ್ಗದರ್ಶಿ ಮತ್ತೆ ಜನರನ್ನು ನಡೆಸತೊಡಗಿದ.

ಕತೆ ಅಲ್ಲಿಗೆ ನಿಂತಿತು.

"ನಾನು ಅಂದುಕೊಂಡದ್ದೂ ಅದೇ ಗುರುಗಳೇ" ಎಂದ ಸುಬ್ರಾಯ. "ಪಾಪ ಮೇಷ್ಟ್ರದು. ಮಾರ್ಗದರ್ಶಿ ಅಮಾಯಕ, ಮೋಸ ಹೋದ."

ಗುರುಗಳು ಅವನನ್ನು ನೋಡಿ ಹೇಳಿದರು:

"ಮೋಸ ಹೋದವನು ದಡ ಸೇರಿದ ಮೇಲೆ ತಲೆ ಎಣಿಸುತ್ತಾನೆ, ಮಾರ್ಗದರ್ಶಿ ಎಣಿಸದೆಯೇ ಹಿಂದಕ್ಕೆ ಓಡಿದ."