ಹತ್ತೊಂಬತ್ತು ಕೈ ಬಣ್ಣ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ನಾಗರಪಂಚಮಿಯ ಮರುದಿನ, ಒಂದು ಬುಧವಾರ. ಆರನೆಯ ತರಗತಿ ಅಲ್ಲಿಗೇ ನಿಂತಿತು, ಕಾಲು ಮಾತ್ರ ಈವರೆಗೂ ನಿಂತಿಲ್ಲ. ಒಂಬತ್ತು ಮಠ ಕಂಡೆ, ಒಂಬತ್ತು ಕಡೆ ಉಪದೇಶ ಪಡೆದೆ. ಹತ್ತನೆಯ ಗುರುಗಳ ಮುಂದೆ ಕೂತು ಕೇಳಿದೆ:

“ಬುದ್ಧೀ, ಒಬ್ಬರು ಮೌನವಾಗಿರು ಅಂದರು, ಇನ್ನೊಬ್ಬರು ಬಿಡದೆ ಜಪ ಮಾಡು ಅಂದರು. ಒಬ್ಬರು ಉಪವಾಸ ಹೇಳಿದರು, ಮತ್ತೊಬ್ಬರು ಹೊಟ್ಟೆ ತುಂಬ ಉಣ್ಣು ಅಂದರು. ಎಲ್ಲವನ್ನೂ ಮಾಡುತ್ತಿದ್ದೇನೆ. ಆದರೂ ಮನಸ್ಸು ಭಾರ. ಇನ್ನೇನು ಮಾಡಲಿ?”

ಅವರು ಒಂದು ಕತೆ ಹೇಳಿದರು:

ಒಬ್ಬ ಅಂಬಿಗನಿದ್ದ. ಅವನಲ್ಲಿ ಒಂದು ಹಳೆಯ ದೋಣಿಯಿತ್ತು, ಯಾವನೋ ಬಿಳಿಯ ದೊರೆ ಅವನ ಅಜ್ಜನಿಗೆ ಬಿಟ್ಟುಹೋದದ್ದು. ಒಳಗೆ ತೆಳ್ಳನೆಯ ಹಲಗೆ, ಪಕ್ಕೆಲುಬಿನಂತೆ ಬಾಗಿದ ಮರದ ಪಟ್ಟಿಗಳು. ಹೊರಗೆ ಕ್ಯಾನ್ವಾಸ್ ಬಟ್ಟೆ ಬಿಗಿದು ಬಣ್ಣ ಹಚ್ಚಿತ್ತು. ಅಂಬಿಗನಿಗೆ ಅದರ ಮೇಲೆ ಪ್ರಾಣ. ಪ್ರತಿ ಆಯುಧಪೂಜೆಗೆ ತೊಳೆದು, ಒಂದು ಕೈ ಬಣ್ಣ ಬಳಿದು, ಕುಂಕುಮವಿಟ್ಟು ಕೈಮುಗಿಯುತ್ತಿದ್ದ. ಹಳೆಯ ಬಣ್ಣ ಕೆರೆಯುತ್ತಿರಲಿಲ್ಲ. ಪೂಜೆಯ ದಿನ ಅದಕ್ಕೆ ಉಳಿ ಮುಟ್ಟಿಸುವುದುಂಟೇ? ಹೀಗೆ ಹತ್ತೊಂಬತ್ತು ವರ್ಷ ನಡೆಯಿತು.

ದೋಣಿ ಫಳಫಳ ಹೊಳೆಯುತ್ತಿತ್ತು. ಆದರೆ ವರ್ಷ ವರ್ಷಕ್ಕೆ ನೀರಿನಲ್ಲಿ ಕೆಳಗೆ ಕೂರುತ್ತಿತ್ತು. ಆರು ಜನ ಹತ್ತುತ್ತಿದ್ದಲ್ಲಿ ಮೂವರಾದರು. “ಏನಣ್ಣಾ, ದೋಣಿಗೆ ಎಷ್ಟು ತಿಂಗಳು?” ಎಂದು ದಡದವರು ನಗುತ್ತಿದ್ದರು.

ಒಂದು ವರ್ಷ ಅವನ ಮಗಳು ಬಾಣಂತನ ಮುಗಿಸಿ, ಕೂಸಿನೊಂದಿಗೆ ಆಚೆ ದಡದ ಗಂಡನ ಮನೆಗೆ ಹೊರಟಿದ್ದಳು. ಹೊಳೆ ಏರಲು ಇನ್ನು ಹದಿನೈದೇ ದಿನ. ಬಣ್ಣದ ಮೇಲೆ ಕೂದಲೆಳೆಯಂಥ ಬಿರುಕು ಕಂಡು ಅಂಬಿಗನಿಗೆ ಅಳುಕಾಯಿತು. ಬಡಗಿಯನ್ನು ಕರೆದ.

ಬಡಗಿ ಹೊರಗಿನ ಹೊಳಪು ನೋಡಲಿಲ್ಲ. ಒಳಗೆ ತಲೆಹಾಕಿ ಎರಡೂ ತುದಿಗಳನ್ನು ದಬ್ಬಳದಿಂದ ಚುಚ್ಚಿದ. ನೀರು ನಿಂತು ಮರ ಕೊಳೆಯುವುದು ಅಲ್ಲೇ. ಒಂದು ತುದಿಯಲ್ಲಿ ದಬ್ಬಳ ಹಣ್ಣಾದ ಪರಂಗಿಗೆ ಇಳಿದಂತೆ ಇಳಿಯಿತು. ಬಾಗುಪಟ್ಟಿಗಳು ಗಟ್ಟಿಯಿದ್ದವು. ಆಮೇಲೆ ಬಿರುಕಿಗೆ ಉಗುರು ಹಾಕಿ ಒಂದು ಚಕ್ಕೆ ಎಬ್ಬಿಸಿದ.

“ಇದರ ಬಟ್ಟೆ ಎಲ್ಲಯ್ಯಾ?”

“ಕೆಳಗೇ ಇರಬೇಕಲ್ಲ.”

“ಪುಡಿಯಾಗಿ ಯಾವ ಕಾಲವಾಯಿತೋ! ನೀನು ಬರೀ ಬಣ್ಣದಲ್ಲಿ ಕೂತು ಹೊಳೆ ದಾಟುತ್ತಿದ್ದೀಯ. ಬಟ್ಟೆಯಾದರೆ ಬಾಗುತ್ತದೆ, ಬಣ್ಣ ಒಡೆಯುತ್ತದೆ. ಎಲ್ಲ ಕೆರೆದುಹಾಕು. ಹೊಸ ಬಟ್ಟೆ ಬಿಗಿದು, ಎಳೆಎಳೆಗೂ ಬಣ್ಣ ಕುಡಿಸಿ, ಒಣಗಲು ಒಂದು ತಿಂಗಳು ಬಿಡಬೇಕು.”

“ತಿಂಗಳೇ! ಇನ್ನೊಂದು ಕೈ ಬಳಿದು ಮಗಳನ್ನು ದಾಟಿಸಿಬಿಡುತ್ತೇನೆ.”

“ಬಳಿ. ಕೂಸನ್ನು ಮಾತ್ರ ನೀನೇ ಹಿಡಿದುಕೊಂಡು ಕೂರು.”

ಬಡಗಿ ಹೋದ. ಅಂಬಿಗ ಬಣ್ಣದ ಡಬ್ಬಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಪೂಜೆ ಮಾಡಿ ಹಚ್ಚಿದ್ದನ್ನು ಕೆರೆಯುವುದು ಪಾಪವೋ, ಬಿಡುವುದು ಪಾಪವೋ, ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮಗಳು ಬಂದು, ನೀರು ಸೇದಿ ಬರುತ್ತೇನೆಂದು ಕೂಸನ್ನು ಅವನ ತೊಡೆಯ ಮೇಲೆ ಮಲಗಿಸಿ ಹೋದಳು. ಅವಳು ಬಂದು ಕೂಸನ್ನು ಎತ್ತಿಕೊಂಡ ಮೇಲೆ ಅವನು ಉಳಿ ಹುಡುಕಿದ.

ಎಂಟು ದಿನ ಕೆರೆದ. ಉದುರಿದ ಚಕ್ಕೆಗಳ ರಾಶಿ ಒಬ್ಬ ಎತ್ತಲಾರದಷ್ಟಾಯಿತು. ದೋಣಿಯನ್ನು ಅವನೊಬ್ಬನೇ ಹೆಗಲಿಗೇರಿಸಿದ. ಹಲಗೆಗಳ ಸಂದಿನಲ್ಲಿ ಆಕಾಶ ಕಾಣುತ್ತಿತ್ತು. ಕೊಳೆತ ತುದಿಗೆ ಬೇರೆ ಮರ ಕೂಡಿಸಿ, ಬಟ್ಟೆ ಬಿಗಿದು, ಬಣ್ಣ ಕುಡಿಸಿ, ಸೂರಿನ ಕೆಳಗೆ ಒಣಗಲಿಟ್ಟರು. ಬೀಗರು ಆಚೆ ದಡದಲ್ಲಿ ನಿಂತು ಕೂಗಿ ಬೈದರು. ಹೊಳೆ ಏರಿತು. ಮಗಳು ದಾಟಿದ್ದು ಹೊಳೆ ಇಳಿದ ಮೇಲೆ. ಆಗ ಕೂಸು ದೋಣಿಯಲ್ಲಿ ತಾನಾಗಿಯೇ ಕೂತಿತ್ತು.

ಗುರುಗಳ ಕತೆ ಅಲ್ಲಿಗೆ ಮುಗಿಯಿತು. ನನ್ನ ತಲೆ ಇನ್ನಷ್ಟು ಗೋಜಲಾಯಿತು. ಒಂಬತ್ತು ಉಪದೇಶವನ್ನೂ ಕೆರೆದರೆ ನನ್ನೊಳಗೆ ಗಟ್ಟಿ ಪಟ್ಟಿ ಇದೆಯೋ ಇಲ್ಲವೋ ಯಾರು ಬಲ್ಲರು? ಇಲ್ಲೇ ಕೂತರೆ ಇವರದೂ ಒಂದು ಕೈ ಆಗುತ್ತದೆ. ಎದ್ದು ಹೋದರೆ ಮುಂದಿನವರದು. ಕಂಬಳಿ ಸುತ್ತಿದೆ. ಚೀಲ ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ.

“ಬುದ್ಧೀ, ಆ ಕೆರೆಯುವ ಕೆಲಸ ನೀವೇ ಮಾಡಬಾರದೇ?” ಅಂದೆ.

ಅವರು ತಮ್ಮ ಕಾವಿಯನ್ನೊಮ್ಮೆ ನೋಡಿಕೊಂಡರು. ಆಮೇಲೆ ಒಂದೇ ಮಾತು ಅಂದರು:

“ಅಂಥ ಬಡಗಿ ದಾರಿಯಲ್ಲಿ ಸಿಕ್ಕರೆ, ಮೊದಲು ಇಲ್ಲಿಗೆ ಕಳಿಸಪ್ಪಾ.”