ಕೋಣ ಕಿತ್ತ ಪೊದೆಗಳು

ಕಣ್ಣು ಮಂಜಾಗಿದ್ದ ಮುಳ್ಳುಹಂದಿಯಜ್ಜಿ ದಾರಿಯಂಚಿನ ಪೊದೆಗಳಿಗೆ ಮೈಮುಳ್ಳು ತಾಗಿಸುತ್ತಾ ಹೊಳೆಗೆ ಹೋಗಿ ನೀರು ಕುಡಿದು ಬರುತ್ತಿದ್ದಳು. ನೋಡಿದ ಕಾಡುಕೋಣಕ್ಕೆ ಕರುಳು ಚುರುಕ್ಕೆಂದಿತು. ಪಾಪ, ಎಲ್ಲದಕ್ಕೂ ಡಿಕ್ಕಿ ಹೊಡೆಯುತ್ತಾಳೆ ಎಂದುಕೊಂಡು ಅದು ಪೊದೆಗಳನ್ನೆಲ್ಲ ಕೊಂಬಿನಿಂದ ಕಿತ್ತೆಸೆಯಿತು.

ಮರುದಿನ ಅಜ್ಜಿ ಬಟ್ಟಬಯಲಲ್ಲಿ ಬಾಯಾರಿ ನಿಂತಿದ್ದಳು.

"ದಾರಿ ಸಾಫಾಗಿದೆ, ನಡಿ ಅಜ್ಜಿ!" ಎಂದಿತು ಕೋಣ.

"ಯಾವ ಕಡೆಗಪ್ಪಾ? ಆ ಪೊದೆಗಳನ್ನು ಮುಟ್ಟಿಕೊಂಡೇ ನಾನು ಹೊಳೆ ಸೇರುತ್ತಿದ್ದೆ. ಕೀಳುವ ಮೊದಲು ನನ್ನನ್ನೊಂದು ಮಾತು ಕೇಳಬಾರದಿತ್ತೇ?"

ಕೋಣ ತಲೆ ತಗ್ಗಿಸಿತು. "ಈಗ ಕೇಳುತ್ತೇನೆ. ನೀರು ನಾನೇ ತಂದುಕೊಡಲೇ?"

"ಬೇಡ. ಹೊಳೆಗೆ ನಾನೇ ಹೋಗುತ್ತೇನೆ. ನೀನು ಪಕ್ಕದಲ್ಲಿ ನಡೆ, ಸಾಕು."

ಹೊಸ ಪೊದೆಗಳು ಬೆಳೆಯುವ ತನಕ ಕೋಣ ದಿನವೂ ಅಜ್ಜಿಗೆ ಒತ್ತಿಕೊಂಡೇ ನಡೆಯಿತು. ಹೆಜ್ಜೆಹೆಜ್ಜೆಗೂ ಅದರ ಕಾಲಿಗೆ ಅಜ್ಜಿಯ ಮೈಮುಳ್ಳು ಚುಚ್ಚುತ್ತಿತ್ತು. ಆದರೂ ಅದು ಪಕ್ಕ ಬಿಟ್ಟು ಸರಿಯಲಿಲ್ಲ.